ಹೆಜ್ಜಾರ್ಲೆಯ ಮೂರನೆಯ ಚಿತ್ರ

ಮಕ್ಕಳ ಮುಂದೆ ಮರಣದ ಮಾತನ್ನು ಹೇಗೆ ಆಡತಕ್ಕದ್ದೆಂಬದನ್ನು ನಾನು ಯಲಿಯೂರಿನ ಒಂದು ಜಗಲಿಯ ಮೇಲೆ ಕಲಿತೆನು. ಭಾನುವಾರದ ಪಾಠಕ್ಕೆಂದು ಹಕ್ಕಿಗಳ ಕಥೆಯೊಂದನ್ನು ಮೂರು ಹಾಳೆಗಳಲ್ಲಿ ಬಣ್ಣದ ಚಿತ್ರಗಳಾಗಿ ಬರೆದುಕೊಂಡು ಹೋಗಿದ್ದೆನು. ಅದು ಕಟ್ಟುಕಥೆಯಲ್ಲ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು.

ಮೊದಲನೆಯ ಚಿತ್ರದಲ್ಲಿ ಹುಣಸೆಮರ, ಅದರ ತುಂಬಾ ಗೂಡುಗಳು, ಕೆಳಗೆ ಮನೆಗಳು. ಮಳೆಗಾಲ ಕಳೆದ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಬಂದು, ಮನೆಗಳ ಮಗ್ಗುಲಲ್ಲಿಯೇ ಮೊಟ್ಟೆಯಿಟ್ಟು ಮರಿಮಾಡಿ, ಬೇಸಿಗೆ ಮುಗಿಯುವಾಗ ಹೊರಟುಹೋಗುವವು. ಊರವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಎಣಿಸುತ್ತಾರೆ. ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುವದು ನಿಜ. ಆದರೆ ಹುಣಸೆಯ ಫಸಲು ಕೆಟ್ಟರೂ ಹಕ್ಕಿಯನ್ನು ಓಡಿಸದಿರುವದು ನಮ್ಮ ಸೀಮೆಯ ಒಕ್ಕಲಿಗೆ ಸಣ್ಣ ಮಾತಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಅಲ್ಲಿಯ ಹೆಜ್ಜಾರ್ಲೆ ಬಳಗದ ಯುವಕರು ಮೀನು ತಿನ್ನಿಸಿ ಸಾಕಿದ್ದುಂಟು.

ಎರಡನೆಯ ಚಿತ್ರದಲ್ಲಿ ಸಾಮಾನು ತುಂಬಿದ ಗಾಡಿಗಳು. ಆ ಊರು ಮೊದಲು ಶಿಂಷಾ ನದಿಯ ದಡದಲ್ಲಿತ್ತೆಂದೂ, 1916ರಲ್ಲಿ ಪ್ಲೇಗು ಬಂದಾಗ ಜನರು ಮನೆಗಳನ್ನು ಬಿಟ್ಟು ಈಗಿನ ಸ್ಥಳಕ್ಕೆ ಹೊರಟರೆಂದೂ, ಹಕ್ಕಿಗಳು ಸಹ ಹಳೆಯ ಮರಗಳನ್ನು ತೊರೆದು ಅವರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಾರೆ. ರೂತಳು ನೊವೊಮಿಯನ್ನು ಹಿಂಬಾಲಿಸಿದ ಹಾಗೆಯೇ ಎಂದು ಮಕ್ಕಳಿಗೆ ತಿಳಿಸಿದೆನು.

ಮೂರನೆಯ ಚಿತ್ರವನ್ನು ನಾನು ಸತ್ಯವೇದದ ಕೆಳಗೆ ಅಡಗಿಸಿಟ್ಟಿದ್ದೆನು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಕೊಯ್ದು ನೋಡಿದ ವೈದ್ಯರು ಅವುಗಳ ಒಡಲಲ್ಲಿ ಜಂತುಹುಳುಗಳನ್ನು ಕಂಡರು. ಆ ಚಿತ್ರವನ್ನು ತೋರಿಸಬೇಡಿರೆಂದು ಸಭೆಯ ಹಿರಿಯರೊಬ್ಬರು ಮೊದಲೇ ಕೇಳಿಕೊಂಡಿದ್ದರು. ಯಾಕಂದರೆ ಮಕ್ಕಳ ನಡುವೆ ಏಳು ವರುಷದ ಹುಡುಗನೊಬ್ಬನಿದ್ದನು. ಆಷಾಢದಲ್ಲಿ ಅವನ ತಾಯಿ ತೀರಿಕೊಂಡಳು. ತಾಯಿ ಬೆಂಗಳೂರಿಗೆ ಹೋಗಿದ್ದಾಳೆಂದು ಮನೆಯವರು ಅವನಿಗೆ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದರು, ನಾನೂ ಅದಕ್ಕೆ ಒಪ್ಪಿಕೊಂಡೆನು.

ಆದುದರಿಂದ ಎರಡು ಚಿತ್ರಗಳಿಗೇ ಕಥೆಯನ್ನು ಮುಗಿಸಿ, ಕೊಕ್ಕರೆಯು ತನ್ನ ಕಾಲವನ್ನು ಅರಿತಿದೆಯೆಂಬ ಯೆರೆಮೀಯನ ಮಾತನ್ನು ನೆನಪಿಸಿ, ಹೋದ ಹಕ್ಕಿಗಳು ವರುಷ ವರುಷವೂ ತಪ್ಪದೆ ತಿರಿಗಿ ಬರುತ್ತವೆಂದು ಹೇಳಿದೆನು.

ಆ ಹುಡುಗನು ಎದ್ದು ನಿಂತು, “ಮೇಷ್ಟ್ರೇ, ಹಂಗಾದ್ರೆ ನಮ್ಮವ್ವನೂ ಆಗ್ಲೇ ಬತ್ತಾಳಾ?” ಎಂದು ಕೇಳಿದನು.

ಪ್ರಿಯರೇ, ಆ ಸುಳ್ಳಿಗೆ ರೆಕ್ಕೆ ಕಟ್ಟಿದವನು ನಾನೇ. ನಮ್ಮ ಕರ್ತನು ಗುಬ್ಬಿಗಳ ವಿಷಯ ಮಾತಾಡಿದಾಗ ಅವು ಬೀಳುವದಿಲ್ಲವೆಂದು ಹೇಳಲಿಲ್ಲ. ಕಾಸಿಗೆ ಎರಡರಂತೆ ಮಾರುವ ಗುಬ್ಬಿಯೂ ನೆಲಕ್ಕೆ ಬೀಳುವದುಂಟು. ಆದರೆ ಅದು ಬೀಳುವಲ್ಲಿ ತಂದೆಯು ಇದ್ದಾನೆ. ಬೀಳುವದನ್ನೇ ಮುಚ್ಚಿಟ್ಟ ಮೇಲೆ ತಂದೆಯು ಅಲ್ಲಿದ್ದಾನೆಂಬದನ್ನು ಆ ಕೂಸಿಗೆ ಯಾವ ಬಾಯಿಂದ ಹೇಳಲಿ? ಲಾಜರನ ಸಮಾಧಿಯ ಬಳಿಯಲ್ಲಿ ಅತ್ತಾತನು ಅಳುವ ಮಗುವನ್ನು ಕಂಡು ಅಂಜುವನೋ?

ನಾನು ಹಾಳೆಯನ್ನು ಹೊರಗೆ ತೆಗೆದೆನು. ಹುಣಸೆಯ ಬುಡದಲ್ಲಿ ರೆಕ್ಕೆ ಚಾಚಿ ಮಲಗಿದ ಹೆಜ್ಜಾರ್ಲೆ, ಮೇಲಿನ ಕೊಂಬೆಯಲ್ಲಿ ಅದರ ಜೊತೆಯದು. “ಇದು ಸತ್ತಿದೆ, ಮಗನೇ. ನಿನ್ನ ಅವ್ವನೂ ಸತ್ತಿದ್ದಾಳೆ. ಅವಳು ಬೆಂಗಳೂರಿಗೆ ಹೋಗಲಿಲ್ಲ, ದೇವರ ಬಳಿಯಲ್ಲಿದ್ದಾಳೆ,” ಎಂದೆನು. ಜಗಲಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹಿರಿಯರು ತಲೆ ತಗ್ಗಿಸಿದರು.

ಹುಡುಗನು ಕೂಡಲೇ ಅಳಲಿಲ್ಲ. ಕೊಂಬೆಯ ಮೇಲಿನ ಹಕ್ಕಿಯನ್ನು ಬೆರಳಿನಿಂದ ಮುಟ್ಟಿ, “ಇದು ಮುಂದಿನ ವರ್ಷ ಬಂತಾ?” ಎಂದು ಕೇಳಿದನು. ಉಳಿದ ಹಕ್ಕಿಗಳು ಅದೇ ಊರಿಗೆ ಬಂದವೆಂದು ಹೇಳಿದೆನು. ಆಗ ಅತ್ತನು. ಬಹಳ ಹೊತ್ತಿನ ಮೇಲೆ ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು, ಅಪ್ಪನಿಗೆ ತೋರಿಸುವದಕ್ಕೆ ಮನೆಗೆ ಹೋದನು.