ಕೌರವನಿಗಾಗಿ ಮರುಗಬಹುದೇ?



ಅಘನಾಶಿನೀ ತೀರದ ನಮ್ಮ ಗ್ರಾಮಗಳಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಬಯಲಾಟದ ವೇಷಗಳು ಪೆಟ್ಟಿಗೆ ಸೇರಿದ ಮೇಲೆ ಭಾಗವತರೂ ಮದ್ದಳೆಯವರೂ ನಾಲ್ಕಾರು ಅರ್ಥಧಾರಿಗಳೂ ದೇವಾಲಯದಲ್ಲಿ ಕುಳಿತು, ವೇಷವಿಲ್ಲದೆ ಕೇವಲ ಮಾತಿನ ಬಲದಿಂದ ಪುರಾಣಪುರುಷರನ್ನು ಎಬ್ಬಿಸಿ ನಿಲ್ಲಿಸುವರು. ಪದ್ಯ ಕವಿಯದು; ಅದರ ಅರ್ಥವನ್ನು ಅರ್ಥಧಾರಿಯೇ ಆ ಕ್ಷಣದಲ್ಲಿ ರಚಿಸಬೇಕು. ಪಾಲಿಗೆ ಬಂದ ಪಾತ್ರ ಯಾವುದಾದರೂ ಅದರ ಪಕ್ಷವನ್ನು ಮನಃಪೂರ್ವಕವಾಗಿ ವಾದಿಸಬೇಕೆಂಬುದು ಅಲ್ಲಿಯ ನಿಯಮ.

ಕೆಲವು ವರ್ಷಗಳ ಹಿಂದೆ ವಿಟ್ಲಪಿಂಡಿಯ ರಾತ್ರಿ ‘ಗದಾಯುದ್ಧ’ ಪ್ರಸಂಗದಲ್ಲಿ ಕೌರವನ ಅರ್ಥ ನಮ್ಮ ಪಾಲಿಗೆ ಬಂದಿತು. ಒಡಹುಟ್ಟಿದವರನ್ನೂ ಪ್ರಾಣಮಿತ್ರ ಕರ್ಣನನ್ನೂ ಕಳೆದುಕೊಂಡು, ವೈಶಂಪಾಯನ ಸರೋವರದ ನೀರಿನೊಳಗೆ ಒಬ್ಬಂಟಿಯಾಗಿ ಅಡಗಿದ ಅರಸನ ಅಳಲನ್ನು ನಾವು ಶಕ್ತಿಮೀರಿ ವರ್ಣಿಸಿದೆವು. ಕೇಳಿದವರ ಕಣ್ಣುಗಳು ತೇವಗೊಂಡವು. ನಾವು ಒಳಗೊಳಗೇ ಹಿಗ್ಗಿದೆವು.

ಮಂಗಳವಾದ ಮೇಲೆ ಹಿರಿಯರೊಬ್ಬರು, “ಮಾಧ್ವರ ದೇವಸ್ಥಾನದಲ್ಲಿ ಕಲಿಪುರುಷನ ಪರವಾಗಿ ವಕಾಲತ್ತೇ?” ಎಂದು ಆಕ್ಷೇಪಿಸಿದರು. ಅವರ ಹಿಂದೆಯೇ ಬಂದ ವೃದ್ಧ ಮಾತೆಯೊಬ್ಬರು ಮೆಲ್ಲಗೆ, “ತಮ್ಮಾ, ಅರ್ಥ ಚೊಲೋ ಆಯ್ತು. ದ್ರೌಪದಿಯನ್ನು ಮಾತ್ರ ಎಲ್ಲಿ ಬಿಟ್ಟೆ?” ಎಂದರು. ಗರ್ಭಗುಡಿಯ ಬಾಗಿಲು ಹಾಕುತ್ತಿದ್ದ ನಮ್ಮ ತೀರ್ಥರೂಪರು ಎರಡನ್ನೂ ಕೇಳಿ, “ಮೊದಲು ಅಮ್ಮನಿಗೆ ಉತ್ತರ ಹೇಳು” ಎಂದಷ್ಟೇ ನುಡಿದರು. ಆ ರಾತ್ರಿ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ವಿಚಾರಿಸಿದುದನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಶ್ರೀಮದಾನಂದತೀರ್ಥ ಭಗವತ್ಪಾದರು 32 ಅಧ್ಯಾಯಗಳ ‘ಮಹಾಭಾರತ ತಾತ್ಪರ್ಯ ನಿರ್ಣಯ’ದಲ್ಲಿ ಭೀಮಸೇನನನ್ನು ವಾಯುದೇವರ ಅವತಾರವೆಂದೂ ದುರ್ಯೋಧನನನ್ನು ಕಲಿಯ ಅವತಾರವೆಂದೂ ನಿರ್ಣಯಿಸಿರುವರು. ತತ್ತ್ವದ ವಿಷಯದಲ್ಲಿ ನಮಗೆ ಇದರ ಮೇಲೆ ಮಾತಿಲ್ಲ. ಆದರೆ ಭಗವಾನ್ ವೇದವ್ಯಾಸರು ಶತ್ರುವಿನ ಬಾಯನ್ನು ಕಟ್ಟಲಿಲ್ಲವೆಂಬುದನ್ನೂ ಗಮನಿಸಬೇಕು. ತೊಡೆ ಮುರಿದು ಬಿದ್ದ ದುರ್ಯೋಧನನು ಶ್ರೀಕೃಷ್ಣನಿಗೆ ಮಾರುತ್ತರ ಕೊಟ್ಟಾಗ ಆಗಸದಿಂದ ಹೂಮಳೆ ಸುರಿಯಿತೆಂದೂ, ಪಾಂಡವರು ನಾಚಿದರೆಂದೂ ಶಲ್ಯಪರ್ವದಲ್ಲಿ ಉಂಟು.

ನಮ್ಮ ಕನ್ನಡದ ರನ್ನಕವಿಯ ಮಾತೂ ಹಾಗೆಯೇ. 982ರ ಸುಮಾರಿಗೆ ರಚಿತವಾದ ಆತನ ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ವೆಂದು ಹೆಸರು, ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನೇ ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವದು. ಆದರೂ ಓದಿದವರ ಮನಸ್ಸಿನಲ್ಲಿ ಉಳಿಯುವವನು ರಣರಂಗದಲ್ಲಿ ತನ್ನವರ ಶವಗಳ ನಡುವೆ ನಡೆಯುವ ದುರ್ಯೋಧನ. ಅಲ್ಲಿ ಅವನು ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ದುಷ್ಟನಲ್ಲಿಯೂ ಇರುವ ಗುಣವನ್ನು ಕವಿ ಮರೆಮಾಡಲಿಲ್ಲ.

ನಮ್ಮ ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು (1933–2017) ನೆನೆಯಿರಿ. 2012ರಲ್ಲಿ ಪದ್ಮಶ್ರೀ ಪಡೆದ ಆ ಕಲಾವಿದರ ಹೆಸರು ಮನೆಮಾತಾದದ್ದು ಭಸ್ಮಾಸುರ, ಕೀಚಕ, ದುಷ್ಟಬುದ್ಧಿಯಂತಹ ಪಾತ್ರಗಳಿಂದ. ಕೀಚಕನನ್ನು ನೋಡಲೆಂದೇ ಜನ ರಾತ್ರಿಯಿಡೀ ನಿದ್ದೆಗೆಡುತ್ತಿದ್ದರು. ಹಾಗೆ ಕುಳಿತವರೆಲ್ಲ ಕಾಮುಕತೆಯನ್ನು ಒಪ್ಪಿದರೆಂದು ಹೇಳಲಾದೀತೇ? ಆ ಕುಣಿತದಲ್ಲಿ ಕೀಚಕನ ದೋಷವು ಮುಚ್ಚಿರುವುದಿಲ್ಲ; ಕುಣಿಯುತ್ತಿರುವುದೇ ಅದು. ವಶವಾದವನಿಗೆ ಕಾಮವು ಎಷ್ಟು ಸುಂದರವಾಗಿ ತೋರುವುದೆಂಬುದನ್ನು ಪ್ರೇಕ್ಷಕನು ಮೊದಲು ಕಾಣುತ್ತಾನೆ. ಅದರ ಅಂತ್ಯವನ್ನು ಬಳಿಕ ಕಾಣುತ್ತಾನೆ. ಮೊದಲನೆಯದನ್ನು ಕಾಣದವನಿಗೆ ಎರಡನೆಯದು ಪರರ ಸುದ್ದಿಯಾಗಿಯೇ ಉಳಿಯುತ್ತದೆ, ತನಗೊಂದು ಎಚ್ಚರಿಕೆಯಾಗುವುದಿಲ್ಲ.

ಈಗ ಆ ಮಾತೆಯ ಪ್ರಶ್ನೆಗೆ ಬರೋಣ. ನಾವು ಮಾಡಿದ ತಪ್ಪು ಕೌರವನಿಗಾಗಿ ಅಳಿಸಿದುದಲ್ಲ. ಸಭಾಪರ್ವವನ್ನು ಮರೆಸಿ ಅಳಿಸಿದುದು. ಪಾತ್ರದ ದುಃಖವನ್ನು ಹೇಳಿ ದುಷ್ಕೃತ್ಯವನ್ನು ಬಿಟ್ಟರೆ ಕೇಳುಗನ ಕರುಣೆಯನ್ನು ವಂಚನೆಯಿಂದ ಪಡೆದಂತೆ. ನ್ಯಾಯಾಲಯದಲ್ಲಿ ಅರ್ಧ ಸಾಕ್ಷ್ಯವನ್ನು ಬಚ್ಚಿಟ್ಟು ಗೆದ್ದ ವ್ಯಾಜ್ಯಕ್ಕೂ ಅದಕ್ಕೂ ಭೇದವಿಲ್ಲ. ಹೀಗೆ ಅಳುವ ಅಭ್ಯಾಸವಾದವನು ನಾಳೆ ತನ್ನ ಮನೆಯ ಅನ್ಯಾಯಗಾರನನ್ನೂ ಅವನ ಕಷ್ಟವೊಂದನ್ನೇ ನೋಡಿ ಕ್ಷಮಿಸುತ್ತಾನೆ; ನೊಂದವಳ ಮುಖವನ್ನು ನೋಡುವುದೇ ಇಲ್ಲ. ಹಿರಿಯರ ಆಕ್ಷೇಪದಲ್ಲಿ ಸತ್ಯವಿರುವುದು ಇಲ್ಲಿ.

ಎಲ್ಲವನ್ನೂ ತಿಳಿದ ಮೇಲೂ ಬರುವ ಕಣ್ಣೀರಿನ ಸ್ವಭಾವ ಬೇರೆ. ಅದು ಕೌರವನ ಗೆಲುವನ್ನು ಬೇಡುವುದಿಲ್ಲ. ಇಷ್ಟು ಶೌರ್ಯ, ಇಷ್ಟು ಸ್ನೇಹ ಒಂದು ಹಠದ ಬಾಯಿಗೆ ಬಿದ್ದು ಹೋಯಿತಲ್ಲಾ ಎಂದು ಅದು ಮರುಗುತ್ತದೆ; ಆ ಹಠ ನಮ್ಮಲ್ಲಿಯೂ ಉಂಟೆಂದು ಅಂಜುತ್ತದೆ. ಕಲಿಯು ಹೊರಗೊಬ್ಬನೇ ಇರುವನೆಂದು ತಿಳಿದವನಿಗೆ ಈ ಅಂಜಿಕೆ ಹುಟ್ಟದು.

ಮರುವರ್ಷ ಅದೇ ಪ್ರಸಂಗದಲ್ಲಿ ಅದೇ ಅರ್ಥ ಮತ್ತೆ ನಮ್ಮ ಪಾಲಿಗೆ ಬಂದಿತು. ಈ ಸಲ ನೀರಿನೊಳಗಿನ ಕೌರವನ ಕಣ್ಣು ತನ್ನ ತೊಡೆಯ ಮೇಲೆ ಬೀಳುವಂತೆ ಮಾಡಿದೆವು. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆ ಅದು. ಮುರಿಯುವೆನೆಂದು ಭೀಮನು ಪ್ರತಿಜ್ಞೆ ಮಾಡಿದ ತೊಡೆಯೂ ಅದೇ. ಅವಳ ಹೆಸರು ಅವನ ಬಾಯಿಗೆ ಬಂದಿತು, ಪಶ್ಚಾತ್ತಾಪ ಬರಲಿಲ್ಲ. ಹಠವೇ ಗೆದ್ದಿತು. ಭೀಮನ ಕರೆಗೆ ಅವನು ನೀರಿನಿಂದ ಮೇಲೆದ್ದಾಗ ಅಂದೂ ಕಣ್ಣೀರು ಬಂದಿತು. ಆದರೆ ಗದೆಯು ಗುರಿತಪ್ಪಲೆಂದು ಯಾರೂ ಬಯಸಿದಂತೆ ಕಾಣಲಿಲ್ಲ. ಆ ಮಾತೆ ಏನನ್ನೂ ಹೇಳದೆ ಪ್ರಸಾದದ ಬಾಳೆಹಣ್ಣೊಂದನ್ನು ನಮ್ಮ ಕೈಗಿತ್ತು ಹೊರಟರು.

ನಮ್ಮ ನದಿಗೆ ಅಘನಾಶಿನಿ, ಪಾಪನಾಶಿನಿ ಎಂದು ಹೆಸರು. ಪಾಪವನ್ನು ಮುಚ್ಚಿಟ್ಟುಕೊಂಡು ಮುಳುಗಿದವನು ಮೈಯನ್ನಷ್ಟೇ ತೊಳೆದುಕೊಂಡಾನು. ದುಷ್ಟಪಾತ್ರವನ್ನು ರಚಿಸುವವರೂ, ಆಡುವವರೂ, ಅದಕ್ಕಾಗಿ ಮರುಗುವವರೂ ಇದನ್ನು ಮರೆಯಬಾರದೆಂದು ನಮ್ಮ ಪ್ರಾರ್ಥನೆ.

ಶ್ರೀಕೃಷ್ಣಾರ್ಪಣಮಸ್ತು.