ತೂರುವವರು ಗಾಳಿ ನೋಡಬೇಕು

ಮನೆಯೊಳಗೇ ಕೂತು ಕಟ್ಟಿಗೆ ಕೆತ್ತುವ ಒಬ್ಬ ಮನುಷ್ಯ. ಉಳಿ ಅವನದು, ದುಡಿಮೆ ಅವನದು, ಮನೆಯೂ ಅವನದೇ. ಹಾಗಾದರೆ ಅಲ್ಲಿ ಏಳುವ ಧೂಳು ಯಾರದು? ಅವನೊಬ್ಬನದೇ ಅನ್ನೋದಾದರೆ ನಾವು ಮಾತಾಡೋಕೆ ಏನೂ ಇಲ್ಲ. ಅಲ್ಲ ಅನ್ನೋದಾದರೆ ಲೆಕ್ಕ ಬಹಳ ದೂರ ಹೋಗುತ್ತೆ, ನಮ್ಮ ನಿಮ್ಮ ಮನೆಯ ದೇವರ ಮಂಟಪದ ತನಕ.

ನಮ್ಮ ಕಡೆ, ಅಂದರೆ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ, ಎಷ್ಟೋ ಬಡಿಗೇರ ಮನೆಗಳಿಗೆ ಬೇರೆ ವರ್ಕ್‌ಶಾಪ್ ಅಂತ ಇರೋದಿಲ್ಲ. ಪಡಸಾಲೆಯೇ ವರ್ಕ್‌ಶಾಪ್. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಬಿಸಿಲಿಗೆ ಅಂಗಳದಲ್ಲಿ ಕೂರೋಕಾಗಲ್ಲ. ಬಾಗಿಲ ಚೌಕಟ್ಟು, ತೊಟ್ಟಿಲು, ಮಂಟಪ ಎಲ್ಲ ಒಳಗೇ ತಯಾರಾಗಬೇಕು. ಅದೇ ಗೋಡೆಗಳ ನಡುವೆ ರೊಟ್ಟಿ ಬಡಿಯೋದು, ಮಕ್ಕಳು ಓದೋದು, ಮುದುಕರು ಮಲಗೋದು.

ಕೈ ಉಳಿಯ ಕಾಲದಲ್ಲಿ ಇದು ಅಷ್ಟು ದೊಡ್ಡ ಪ್ರಶ್ನೆ ಆಗಿರಲಿಲ್ಲ. ಉಳಿ ಚಕ್ಕೆ ಎಬ್ಬಿಸುತ್ತೆ, ಚಕ್ಕೆ ನೆಲಕ್ಕೆ ಬೀಳುತ್ತೆ. ಗ್ರೈಂಡರ್, ಸ್ಯಾಂಡರ್, ರೌಟರ್ ಬಂದ ಮೇಲೆ ಬೇರೆ ಆಯ್ತು. ಅವು ಎಬ್ಬಿಸುವ ಪುಡಿಯಲ್ಲಿ ಒಂದು ಪಾಲು ನೆಲಕ್ಕೆ ಬೀಳೋದೇ ಇಲ್ಲ, ಗಾಳಿಯಲ್ಲಿ ತೇಲುತ್ತೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನ್‌ಗಿಂತ ಸಣ್ಣ ಕಣ ಕಣ್ಣಿಗೆ ಕಾಣಲ್ಲ. ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ ಮಾತ್ರ ಅದರ ಹೊಗೆಯಂಥ ಆಟ ಗೊತ್ತಾಗೋದು. ದಪ್ಪ ಕಣ ಮೂಗಲ್ಲೇ ಕೂರುತ್ತೆ, ಸಣ್ಣದು ಪುಪ್ಪುಸದ ಆಳಕ್ಕೆ ಇಳಿಯುತ್ತೆ.

ಅಲ್ಲಿ ಕೂತು ಅದೇನು ಮಾಡುತ್ತೆ? ಹೆಚ್ಚಿನವರಿಗೆ ಕೆಮ್ಮು, ಸೀನು, ತುರಿಕೆ. ಕೆಲವರಿಗೆ ಅಸ್ತಮಾ. ತೀರಾ ಅಪರೂಪಕ್ಕೆ ಮೂಗಿನೊಳಗಿನ ಕ್ಯಾನ್ಸರ್. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ಮೇಜಿಗೆ ಹೆಸರಾದ ಊರು. 1960ರ ದಶಕದಲ್ಲಿ ಅಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಕಿವಿ-ಮೂಗು-ಗಂಟಲು ವೈದ್ಯೆ ಮತ್ತವರ ಸಹೋದ್ಯೋಗಿಗಳು, ಈ ಅಪರೂಪದ ರೋಗ ಬಡಗಿಗಳಿಗೇ ಯಾಕೆ ಬರ್ತಿದೆ ಅಂತ ಹುಡುಕಿಕೊಂಡು ಹೋದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲಿ ಕಟ್ಟಿಗೆ ಧೂಳನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಎಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ರೋಗಿಯನ್ನು ನೋಡುವಾಗ 'ನೀನು ಏನು ಕೆಲಸ ಮಾಡ್ತೀ?' ಅಂತ ಕೇಳಲೇಬೇಕು ಎಂದು ಇಟಲಿಯ ವೈದ್ಯ ರಾಮಜ್ಜಿನಿ ಬರೆದದ್ದು 1700ರಲ್ಲಿ. ಆ ಕ್ಯಾನ್ಸರ್ ಬರೋಕೆ ದಶಕಗಳು ಹಿಡಿಯುತ್ತೆ. ಹಾಗಾಗಿ ಕೇಳೋರಿಲ್ಲದಿದ್ದರೆ ಕೆಲಸಕ್ಕೂ ರೋಗಕ್ಕೂ ಇರುವ ನಂಟು ಯಾರಿಗೂ ಕಾಣೋದೇ ಇಲ್ಲ.

ಊರಲ್ಲಿ ಬಡಿಗೇರ ಕಾಕಾ ಒಬ್ಬರ ಹತ್ತಿರ ಈ ಮಾತು ತೆಗೆದೆ. "ಏನೂ ಆಗಂಗಿಲ್ಲ ಬಿಡು ತಮ್ಮಾ, ನಮಗ ರೂಢಿ ಆಗ್ಯಾದ" ಅಂದರು. ಈ ಮಾತನ್ನು ಅಜ್ಞಾನ ಅಂತ ತಳ್ಳಿಹಾಕೋದು ಸುಲಭ. ನಾನು ಹಾಗೆ ಮಾಡಲ್ಲ. ಅದರೊಳಗೊಂದು ವಾದ ಇದೆ: ನನ್ನ ದೇಹ, ನನ್ನ ಅಪಾಯ, ನನ್ನ ಇಷ್ಟ. ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ವೀಕೆಂಡ್ ಹವ್ಯಾಸಕ್ಕೆ ಕೆತ್ತನೆ ಮಾಡೋ ನಮ್ಮಂಥವರೂ ಇದನ್ನೇ ಹೇಳ್ತೀವಿ, ಇಂಗ್ಲಿಷಲ್ಲಿ ಹೇಳ್ತೀವಿ ಅಷ್ಟೆ. ಬೆಳೆದ ಮನುಷ್ಯ ತಿಳಿದು ತೆಗೆದುಕೊಳ್ಳುವ ಅಪಾಯಕ್ಕೆ ಗೌರವ ಕೊಡಬೇಕು, ಅದು ಸರಿ.

ಆದರೆ 'ರೂಢಿ' ಮತ್ತು 'ಒಪ್ಪಿಗೆ' ಎರಡೂ ಒಂದೇ ಅಲ್ಲ. ರೂಢಿ ಆಗೋದು ಮೂಗಿಗೆ. ಪುಪ್ಪುಸವನ್ನು ಯಾರೂ ಕೇಳಿರಲ್ಲ. ಇನ್ನು ಆ ಒಪ್ಪಿಗೆ ನಿಜವೇ ಇರಲಿ, ಅದು ಅವರೊಬ್ಬರ ಒಪ್ಪಿಗೆ. ತಾನೇ ಮಾಡಿದ ತೊಟ್ಟಿಲಲ್ಲಿ ಮಲಗಿದ ಮೊಮ್ಮಗು ಯಾವುದಕ್ಕೂ ಹೂಂ ಅಂದಿಲ್ಲ.

ಇನ್ನೊಬ್ಬರನ್ನು ನಾವು ಸಾಮಾನ್ಯವಾಗಿ ಮರೆತೇಬಿಡ್ತೀವಿ. ಸಂಜೆ ಕಸಬರಿಗೆ ಹಿಡಿಯೋರು. ಕೂತ ಧೂಳನ್ನು ಒಣ ಕಸಬರಿಗೆಯಲ್ಲಿ ಗುಡಿಸಿದರೆ ಅದು ಮತ್ತೆ ಗಾಳಿಗೇಳುತ್ತೆ, ಅದೂ ಬಗ್ಗಿದವರ ಮುಖಕ್ಕೇ. ಆ ಕಸಬರಿಗೆ ಬಹುಪಾಲು ಮನೆಯ ಹೆಂಗಸಿನ ಕೈಯಲ್ಲಿರುತ್ತೆ. ಅವಳಿಗೆ ಕೆಲಸಗಾರ್ತಿ ಅನ್ನೋ ಹೆಸರಿಲ್ಲ, ಕೂಲಿ ಇಲ್ಲ, ಧೂಳಿನ ಪಾಲು ಮಾತ್ರ ಇದೆ. 1948ರ ಕಾರ್ಖಾನೆ ಕಾಯ್ದೆ ಕಣ್ಣು ತೆರೆದದ್ದೇ ಕರೆಂಟಿನ ಯಂತ್ರ ಇದ್ದು ಹತ್ತು ಜನ ದುಡಿಯೋ ಕಡೆ. ಪಡಸಾಲೆ ಅದಕ್ಕೆ ಕಾಣಲಿಲ್ಲ. 2023ರ ಪಿಎಂ ವಿಶ್ವಕರ್ಮ ಯೋಜನೆ ಬಡಗಿಗಳಿಗೆ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಕೊಡುತ್ತೆ, ಒಳ್ಳೆಯದೇ. ಆದರೆ ಅದರಲ್ಲಿ ಹೆಸರು ನೋಂದಾಯಿಸೋದು ಕುಟುಂಬಕ್ಕೆ ಒಬ್ಬರು ಮಾತ್ರ. ಧೂಳು ಹಾಗೆ ಒಬ್ಬರನ್ನು ಆರಿಸಿಕೊಳ್ಳಲ್ಲ.

ಇದಕ್ಕೊಂದು ನೀತಿ ಬೇಕು ಅಂದರೆ ಹೊರಗಿನಿಂದ ತರಬೇಕಿಲ್ಲ. ತೊಗರಿ ಕಣದಲ್ಲಿ ಬೆಳೆದವರಿಗೆ ಅದು ಗೊತ್ತಿರೋದೇ. 'ಗಾಳಿ ಬಂದಾಗ ತೂರಿಕೋ' ಅನ್ನೋ ಗಾದೆಯನ್ನು ಆಫೀಸಿನಲ್ಲೂ ಅವಕಾಶ ಬಂದಾಗ ಬಾಚಿಕೋ ಅನ್ನೋ ಅರ್ಥದಲ್ಲಿ ಬಳಸ್ತೀವಿ. ಕಣದಲ್ಲಿ ನಿಜವಾಗಿ ತೂರುವವರು ಇನ್ನೊಂದನ್ನೂ ನೋಡ್ತಾರೆ: ಹೊಟ್ಟು ಎತ್ತ ಹೋಗುತ್ತೆ ಅಂತ. ಯಾರಾದರೂ ಆ ಕಡೆ ಕೂತಿದ್ದರೆ "ಅತ್ತಾಗ ಸರೀರಿ" ಅಂತಾರೆ, ಇಲ್ಲವೇ ತಾವೇ ದಿಕ್ಕು ಬದಲಿಸ್ತಾರೆ. ಕಾಳು ನನ್ನದಾದರೆ ಹೊಟ್ಟಿನ ಜವಾಬ್ದಾರಿಯೂ ನನ್ನದು.

ಸುರಕ್ಷತಾ ಎಂಜಿನಿಯರಿಂಗ್ ಹೇಳೋ ಕ್ರಮವೂ ಇದೇ. ಮೊದಲು ಧೂಳು ಏಳದ ಹಾಗೆ ಮಾಡು: ಉಳಿಯಲ್ಲೇ ಆಗುವಷ್ಟನ್ನು ಉಳಿಯಲ್ಲೇ ಮುಗಿಸು. ಆಮೇಲೆ ಎದ್ದ ಕಡೆಯೇ ಹಿಡಿ: ಸ್ಯಾಂಡರಿನ ಬಾಯಿಗೇ ವ್ಯಾಕ್ಯೂಮ್ ಪೈಪು ಜೋಡಿಸು. ನಂತರ ಹೊರಗೆ ಕಳಿಸು: ಫ್ಯಾನು ಒಳಗಿನ ಗಾಳಿಯನ್ನು ಯಾರೂ ಇಲ್ಲದ ಕಡೆ ತಳ್ಳಲಿ. ಗುಡಿಸೋ ಬದಲು ಒದ್ದೆ ಬಟ್ಟೆಯಲ್ಲಿ ಒರೆಸು. ಕೆಲಸದ ಅಂಗಿ ಅಡುಗೆಮನೆಗೆ ಬರೋದು ಬೇಡ. ಮಾಸ್ಕ್ ಕೊನೆಯದು. ಯಾಕಂದರೆ ಮಾಸ್ಕ್ ಕಾಯೋದು ಹಾಕಿಕೊಂಡವನನ್ನು ಮಾತ್ರ, ಕೂಸು ಎನ್-95 ಹಾಕಿಕೊಳ್ಳಲ್ಲ. ಈ ಕ್ರಮ ನನಗೆ ಬರೀ ತಾಂತ್ರಿಕ ಅನಿಸಲ್ಲ. ಎಬ್ಬಿಸಿದವನ ಹತ್ತಿರವೇ ತಡಿ, ಉಸಿರಾಡೋರ ಮೇಲೆ ಹೊರೆ ಹಾಕಬೇಡ ಅನ್ನೋ ನ್ಯಾಯ ಅದರಲ್ಲಿದೆ.

"ಹೇಳೋದು ಸುಲಭ, ವ್ಯಾಕ್ಯೂಮಿಗೆ ರೊಕ್ಕ ಯಾರು ಕೊಡ್ತಾರ?" ಅನ್ನೋದು ಕಾಕಾನ ಮುಂದಿನ ಪ್ರಶ್ನೆ. ನ್ಯಾಯವಾದದ್ದು. ಕಾಯಕ ಅನ್ನೋ ಪದದೊಳಗೇ ಕಾಯ ಇದೆ. ಕಾಯಕವನ್ನು ಹೊಗಳಿ, ಕಾಯದ ಖರ್ಚನ್ನು ಮಾತ್ರ ದುಡಿಯೋನ ಮನೆಗೆ ಬಿಡೋದು ಕೊಳ್ಳುವವರಾದ ನಮಗೆ ಲಾಭದ ವ್ಯವಹಾರ. ನಾವು ಚೌಕಾಸಿ ಮಾಡಿ ಉಳಿಸಿದ ಸಾವಿರ ರೂಪಾಯಿ ಎಲ್ಲಿಂದ ಬಂತು ಅಂತ ಕೇಳಿಕೊಂಡರೆ, ಅದರಲ್ಲಿ ಒಂದಿಷ್ಟು ಆ ಪಡಸಾಲೆಯ ಗಾಳಿಯಿಂದಲೇ ಬಂದಿರುತ್ತೆ.

ಹಾಗಾಗಿ ಮಂಟಪಕ್ಕೋ ಬಾಗಿಲಿಗೋ ಆರ್ಡರ್ ಕೊಡುವಾಗ ಮಾದರಿ, ಕಟ್ಟಿಗೆ, ರೇಟು ಕೇಳಿದ ಮೇಲೆ ಇನ್ನೊಂದು ಮಾತು ಕೇಳಬಹುದು: "ಪಾಲಿಶ್ ಎಲ್ಲಿ ಕೂತು ಮಾಡ್ತೀರಿ?" ಒಳಗೇ ಅಂದರೆ ಧೂಳು ಹಿಡಿಯೋ ಖರ್ಚನ್ನೂ ಬಿಲ್ಲಿಗೆ ಸೇರಿಸ್ರಿ ಅನ್ನಬೇಕು. ಸೇರಿಸಿದ ಮೇಲೆ ಅದರ ಮೇಲೆ ಚೌಕಾಸಿ ಮಾಡಬಾರದು.