ಗಾಡಿ ಇಲ್ಲದ ದಾರಿ ಮತ್ತು ಪುಣ್ಯದ ಲೆಕ್ಕ

ಶಿವರಾತ್ರಿ ಹತ್ತಿರ ಬಂತೆಂದರೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ರಸ್ತೆಯಂಚಿನಲ್ಲಿ ಮನುಷ್ಯರ ಸಾಲು ಶುರುವಾಗುತ್ತದೆ. ಬೆಂಗಳೂರು, ಮಂಡ್ಯ, ಹಾಸನದ ಕಡೆಯಿಂದ ನಡೆದು ಬಂದವರು, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಸೇರಬೇಕಾದವರು. ಕೆಲವರ ಕಾಲಿಗೆ ಚಪ್ಪಲಿಯಿಲ್ಲ, ಕೆಲವರ ಹಿಮ್ಮಡಿಗೆ ಬ್ಯಾಂಡೇಜು. ಊರಿನವರು ದಾರಿಬದಿಯಲ್ಲಿ ಮಜ್ಜಿಗೆ, ಪಾನಕ, ಹಣ್ಣು ಹಿಡಿದು ನಿಲ್ಲುತ್ತಾರೆ. ಆದರೆ ಈ ದಾರಿಯ ಸರ್ಕಾರಿ ಹೆಸರು ರಾಷ್ಟ್ರೀಯ ಹೆದ್ದಾರಿ 73. ತಿರುವಿನಲ್ಲಿ ಲಾರಿ ಹಾರ್ನ್ ಹೊಡೆದರೆ ಶಿವನಾಮ ಅಲ್ಲಿಗೇ ನಿಲ್ಲುತ್ತದೆ, ಸಾಲು ಚರಂಡಿಯ ಕಡೆಗೆ ಸರಿಯುತ್ತದೆ. ಇದೇ ಯಾತ್ರಿಕರ ಬ್ಯಾಗು, ಅಕ್ಕಿ, ಪಾತ್ರೆ ಹೊತ್ತ ಟೆಂಪೊ ಹಿಂದೆಯೇ ಬರುತ್ತಿರುತ್ತದೆ.

ಬಸ್ಸಿನಲ್ಲಿ ಕೂತರೆ ಕೆಲವೇ ಗಂಟೆಗಳಲ್ಲಿ ಮಂಜುನಾಥನ ಮುಂದೆ ಕೈಮುಗಿಯಬಹುದು. ಹಾಗಿದ್ದೂ ಇವರೆಲ್ಲ ಏಕೆ ನಡೆಯುತ್ತಾರೆ? ನಡೆದವರಿಗೆ ಪುಣ್ಯ ಹೆಚ್ಚೆ? ಹೆಚ್ಚಾದರೆ ಯಾವ ಕಾರಣಕ್ಕೆ?

ಪ್ರಶ್ನೆ ಹಳೆಯದು. ಮತ್ಸ್ಯಪುರಾಣದ ಪ್ರಯಾಗ ಮಾಹಾತ್ಮ್ಯದಲ್ಲಿ ಇದಕ್ಕೆ ನೇರವಾದ, ಸ್ವಲ್ಪ ಖಾರವಾದ ಉತ್ತರವಿದೆ: ಸಿರಿವಂತಿಕೆಯ ಆಸೆಯಿಂದಲೋ ಮೋಹದಿಂದಲೋ ವಾಹನವೇರಿ ಹೋದವನಿಗೆ ತೀರ್ಥ ಫಲ ಕೊಡುವುದಿಲ್ಲ, ಆದ್ದರಿಂದ ವಾಹನ ಬಿಡಬೇಕು. ಮಾತಿನ ಮೊನೆ ಎಲ್ಲಿದೆ ಎಂದು ಗಮನಿಸಬೇಕು. ಕಾಲು ನೋಯಲಿಲ್ಲ ಎಂಬುದು ಅಲ್ಲಿನ ಆಕ್ಷೇಪವಲ್ಲ. ಸಿರಿಯನ್ನೂ ಮೋಹವನ್ನೂ ಹೊತ್ತುಕೊಂಡು ಹೋದದ್ದೇ ಆಕ್ಷೇಪ. ಹಾಗೆ ಓದಿದರೆ ಮಂಡಿನೋವಿನ ಅಜ್ಜಿ ಬಸ್ಸು ಹತ್ತಿದರೆ ಪುರಾಣದ ತಕರಾರಿಲ್ಲ. ಹಾರ್ನ್ ಹೊಡೆದು ನಡೆಯುವವರನ್ನು ಚರಂಡಿಗೆ ಸರಿಸುವ ದೊಡ್ಡ ಕಾರಿನವನ ಮೇಲೆ ತಕರಾರಿದೆ.

ಕ್ರೈಸ್ತ ಯುರೋಪು ಇದೇ ಲೆಕ್ಕವನ್ನು ಅಂಕಿಗಳಲ್ಲೇ ಬರೆದಿಟ್ಟಿದೆ. ಸ್ಪೇನಿನ ಸಾಂಟಿಯಾಗೊ ದೆ ಕೊಂಪೊಸ್ತೆಲಾ ಕ್ಯಾಥೆಡ್ರಲ್‌ಗೆ ಹೋದ ಯಾತ್ರಿಕನಿಗೆ ಅಲ್ಲೊಂದು ಪ್ರಮಾಣಪತ್ರ ಕೊಡುತ್ತಾರೆ. ನಡೆದು ಬಂದವನು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು, ಸೈಕಲ್ಲಿನಲ್ಲಿ ಬಂದವನು 200 ಕಿಲೋಮೀಟರ್ ತುಳಿದಿರಬೇಕು. ಕಾರಿನಲ್ಲಿ ಎಷ್ಟು ದೂರದಿಂದ ಬಂದರೂ ಪತ್ರವಿಲ್ಲ. ಅಂದರೆ ಆ ದೇವಾಲಯದ ಕಡತದಲ್ಲಿ ಸೈಕಲ್ ಸವಾರ ಅರ್ಧ ಪಾದಚಾರಿ, ಕಾರಿನವನು ಸೊನ್ನೆ.

ಸಾಂಟಿಯಾಗೊಗೆ ಹೋಗುವ ಹಳೆಯ ದಾರಿಗಳಲ್ಲೊಂದು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಿಂದ ಹೊರಟು ತುಲೂಸ್ ಮೂಲಕ ಸಾಗುತ್ತದೆ. ಅದೇ ಸೀಮೆಯಲ್ಲಿ ಇಂದು ಸೈಕಲ್ ಪ್ರವಾಸಿಗರು ಹುಡುಕಿಕೊಂಡು ಹೋಗುವ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ‘ಹಸಿರು ದಾರಿ’ಗಳಿವೆ. ಅವು ಹುಟ್ಟಿದ ಬಗೆ ಸ್ವಾರಸ್ಯಕರ. ತುಲೂಸಿನಿಂದ ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿಲೋಮೀಟರ್ ಹರಿಯುವ ಮಿದಿ ಕಾಲುವೆಯನ್ನು ಪಿಯೆರ್ ಪಾಲ್ ರಿಕೆ ಎಂಬಾತ ಹದಿನಾಲ್ಕನೇ ಲೂಯಿಯ ಕಾಲದಲ್ಲಿ ತೋಡಿಸಿದ. 1666ರಲ್ಲಿ ರಾಜಾಜ್ಞೆ ಹೊರಟಿತು, 1681ರಲ್ಲಿ ಕಾಲುವೆ ತೆರೆಯಿತು. ಅದರ ದಂಡೆಯ ಮೇಲೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದವು. ಸರಕು ರೈಲಿಗೂ ಲಾರಿಗೂ ಹೋಯಿತು, ಕುದುರೆಗಳು ಹೋದವು, ದಂಡೆ ಉಳಿಯಿತು. ಇನ್ನೊಂದೆಡೆ ಮಝಾಮೆಯಿಂದ ಬೆಡಾರಿಯುವರೆಗಿನ ಬೆಟ್ಟದ ರೈಲು ನಿಂತುಹೋಯಿತು, ಹಳಿ ಕಿತ್ತ ಜಾಗ ಈಗ ಸೈಕಲ್ಲಿನವರ ಪಾಲು. ಹೀಗೆ ಯಾರ ಮನೆಯ ರಸ್ತೆಯನ್ನೂ ಮುಚ್ಚದೆ, ವ್ಯಾಪಾರ ಕೈಬಿಟ್ಟ ದಾರಿಗಳನ್ನೇ ಎತ್ತಿಕೊಂಡು ಆ ಜಾಲ ಬೆಳೆಯಿತು. ಈ ಮಾತು ನಮ್ಮ ಗುಡ್ಡಗಳಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಅದೇ ದಕ್ಷಿಣದಲ್ಲಿ, ಲಬಸ್ತೀದ್ ದಾರ್ಮಾನ್ಯಾಕ್ ಎಂಬ ಹಳ್ಳಿಯ ಬಳಿ, ಸೈಕಲ್ ಸವಾರರಿಗೆಂದೇ ಒಂದು ಪ್ರಾರ್ಥನಾಮಂದಿರವಿದೆ. ಸೈಕಲ್ ಪ್ರಿಯ ಪಾದ್ರಿ ಜೋಸೆಫ್ ಮಾಸಿ ಅಲ್ಲಿನ ಹಳೆಯ ಚಾಪೆಲ್ ಒಂದನ್ನು ಕನ್ಯಾಮರಿಯಮ್ಮನ ಹೆಸರಿನಲ್ಲಿ ಸೈಕಲ್ಲಿನವರ ದೇಗುಲವಾಗಿಸಿದ. 1959ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಅದಕ್ಕೆ ಮನ್ನಣೆ ಕೊಟ್ಟರು. ಒಳಗೆ ಗೋಡೆ ತುಂಬ ಓಟಗಾರರು ಹರಕೆಯಂತೆ ಬಿಟ್ಟುಹೋದ ಜೆರ್ಸಿಗಳು. ಕಿಟಕಿಯ ಬಣ್ಣದ ಗಾಜಿನ ಕೆಲಸ ಮಾಡಿದ ಆನ್ರಿ ಆಂಗ್ಲಾದ್ ಕೂಡ ಟೂರ್ ದೆ ಫ್ರಾನ್ಸ್ ಓಡಿದವನೇ.

ಇಲ್ಲೊಂದು ತೊಡಕಿದೆ. ಕಾಲುವೆ ದಂಡೆ ಸಪಾಟು, ಪಕ್ಕದಲ್ಲಿ ಮರದ ನೆರಳು, ಸಂಜೆಗೆ ಒಳ್ಳೆಯ ಊಟ. ಪುಣ್ಯ ಎಂಬುದು ನೋವಿನ ಬೆಲೆಯಾದರೆ ಇಂಥ ದಾರಿಯಲ್ಲಿ ಹೋದವನಿಗೆ ಏನೂ ಸಿಗಬಾರದು. ಹರಕೆಯ ನಡಿಗೆಯನ್ನು ಕಾಲಿನ ಬೊಬ್ಬೆಯಿಂದ ಅಳೆಯುವವರು ಹಾಗೆಯೇ ಹೇಳುತ್ತಾರೆ. ಆದರೆ ನಡಿಗೆಯನ್ನು ಅತ್ಯಂತ ಗಂಭೀರವಾಗಿ ಆಚರಣೆಗೆ ತಂದ ನಮ್ಮದೇ ಪರಂಪರೆ ಬೇರೆ ಕಾರಣ ಕೊಡುತ್ತದೆ.

ಜೈನ ಮುನಿಗಳು ವಾಹನ ಹತ್ತುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲೇ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ, ಜ್ವಾಲಾಮಾಲಿನಿ ದೇವಿಯ ಜೈನ ಕ್ಷೇತ್ರವಿದೆ. ಅಂಥ ಕ್ಷೇತ್ರಗಳಿಗೆ ಮುನಿಗಳು ಬರುವುದು ವಿಹಾರ ಮಾಡಿಕೊಂಡು, ಬರಿಗಾಲಿನಲ್ಲಿ. ಅವರ ನಡಿಗೆಗೆ ಈರ್ಯಾ ಸಮಿತಿ ಎಂಬ ನಿಯಮವಿದೆ: ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಕಾಲಡಿಗೆ ಜೀವ ಸಿಗದಂತೆ, ಹಗಲು ಬೆಳಕಿನಲ್ಲಿ ನಡೆಯಬೇಕು. ಮಳೆಗಾಲದಲ್ಲಿ ದಾರಿಯ ತುಂಬ ಹುಳು, ಮೊಳಕೆ. ಆದ್ದರಿಂದ ಚಾತುರ್ಮಾಸದಲ್ಲಿ ನಡಿಗೆಯನ್ನೇ ನಿಲ್ಲಿಸಿ ಒಂದೆಡೆ ಇರುತ್ತಾರೆ. ತನ್ನನ್ನು ದಂಡಿಸಿಕೊಳ್ಳುವುದಷ್ಟೇ ಗುರಿಯಾಗಿದ್ದರೆ ಮಲೆನಾಡಿನ ಆಷಾಢದ ಮಳೆ, ಜಿಗಣೆಗಿಂತ ಒಳ್ಳೆಯ ದಂಡನೆ ಯಾವುದಿತ್ತು? ಆದರೂ ಆಗಲೇ ನಡಿಗೆ ನಿಲ್ಲುತ್ತದೆ. ಏಕೆಂದರೆ ಇಲ್ಲಿ ನಡಿಗೆಯ ಬೆಲೆ ನಡೆಯುವವನ ನೋವಿನಲ್ಲಿಲ್ಲ, ಎದುರಿನ ಜೀವಕ್ಕೆ ತಪ್ಪಿದ ನೋವಿನಲ್ಲಿದೆ.

ಸನ್ಯಾಸ ಸ್ವೀಕರಿಸುವವನು ಸಕಲ ಜೀವಿಗಳಿಗೂ ಅಭಯ ಕೊಡುವ ಮಾತು ವೈದಿಕ ಪರಂಪರೆಯಲ್ಲೂ ಇದೆ. ನನ್ನಿಂದ ನಿನಗೆ ಭಯವಿಲ್ಲ ಎಂಬ ಆ ಮಾತನ್ನು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೇಳಲಾಗದು. ಗಾಡಿಯಿಲ್ಲದ ದಾರಿಯ ಧಾರ್ಮಿಕ ಅರ್ಥ ಇಷ್ಟೇ, ಮತ್ತು ಇದು ಸಣ್ಣದಲ್ಲ: ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆದರಬೇಕಿಲ್ಲ. ಊರ ಬೀದಿಯಲ್ಲಿ ಆ ಅಭಯ ಸಿಗುವುದಿಲ್ಲ. ಫ್ರಾನ್ಸಿನ ಸೈಕಲ್ ಪ್ರವಾಸದ ಪಿತಾಮಹ ಎನ್ನಿಸಿಕೊಂಡ, ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಾಲ್ ದೆ ವಿವೀ ಸಸ್ಯಾಹಾರಿ. ಸೈಕಲ್ ಸವಾರಿಯನ್ನು ಮನಸ್ಸಿನ ಶಿಸ್ತು ಎಂದು ಬಗೆದವನು. 1930ರಲ್ಲಿ ಆತ ತೀರಿಕೊಂಡದ್ದು ಬೆಟ್ಟದ ಇಳಿಜಾರಿನಲ್ಲಲ್ಲ, ತನ್ನದೇ ಊರಾದ ಸೇಂಟ್ ಎತಿಯೆನ್‌ನ ಬೀದಿಯಲ್ಲಿ, ಟ್ರ್ಯಾಮ್ ಬಡಿದು.

ಈಗ ಚಿಕ್ಕಮಗಳೂರಿನ ಗಿರಿಗೆ ಬರೋಣ. ಚಂದ್ರದ್ರೋಣದ ಈ ಸಾಲು ನಡೆದಾಡುವವರ ನೆಲ. ಬಾಬಾಬುಡನ್‌ಗಿರಿಯ ಗುಹೆಯನ್ನು ಕೆಲವರು ದತ್ತಾತ್ರೇಯ ಪೀಠವೆಂದೂ ಕೆಲವರು ದಾದಾ ಹಯಾತ್ ಮೀರ್ ಖಲಂದರರ ದರ್ಗಾ ಎಂದೂ ನಂಬಿ ಹೋಗುತ್ತಾರೆ. ಒಬ್ಬ ಅವಧೂತ, ಇನ್ನೊಬ್ಬ ಅಲೆಮಾರಿ ಫಕೀರ. ಮನೆಯಿಲ್ಲದ ಇಬ್ಬರ ನೆನಪು ಒಂದೇ ಗುಹೆಯಲ್ಲಿದೆ. ಹಜ್ ಯಾತ್ರೆಯಿಂದ ಮರಳುವಾಗ, ಈ ಗಿರಿಗೆ ಹೆಸರು ಕೊಟ್ಟ ಬಾಬಾ ಬುಡನ್ ಯೆಮೆನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರೆಂದು ಐತಿಹ್ಯ. ಈ ಜಿಲ್ಲೆಯ ಕಾಫಿಯ ಕಥೆಯೇ ಒಂದು ತೀರ್ಥಯಾತ್ರೆಯಿಂದ ಶುರುವಾಗುತ್ತದೆ.

ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸಿ ಹೇಳುತ್ತಾನೆ. ಪರಂಪರೆ ಆತನನ್ನು ದತ್ತಾತ್ರೇಯನೆಂದೇ ಗುರುತಿಸುತ್ತದೆ. ಭೂಮಿ, ಗಾಳಿ, ಪಾರಿವಾಳ, ಹೆಬ್ಬಾವು, ಜೇನುನೊಣ, ಆನೆ, ಜಿಂಕೆ, ಬಾಣ ಮಾಡುವವನು, ಬಳೆಯ ಸದ್ದು ಮುಚ್ಚಲು ಹೆಣಗುವ ಹುಡುಗಿ, ಜೇಡ ಎಲ್ಲ ಆ ಪಟ್ಟಿಯಲ್ಲಿವೆ. ಕಾಲ್ನಡಿಗೆಯವನ ಕಣ್ಣಿಗೆ, ಕಿವಿಗೆ ಮಾತ್ರ ದಕ್ಕುವ ಗುರುಗಳೇ ಇವರಲ್ಲಿ ಹೆಚ್ಚು. ಕಿಟಕಿ ಏರಿಸಿದ ಕಾರಿನವನಿಗೆ ಜೇಡ ಕಾಣದು, ಬಳೆಯ ಸದ್ದು ಕೇಳದು. ದತ್ತನ ಹೆಸರಿನ ಗಿರಿಗೆ ಕಾರಿನಲ್ಲಿ ಹೋದವನಿಗೆ ಪೀಠ ಸಿಗಬಹುದು, ದತ್ತ ಕಲಿತ ಪಾಠ ಸಿಗುವುದು ಕಷ್ಟ.

ವಾಸ್ತವದಲ್ಲಿ, ವಾರದ ಕೊನೆಯಲ್ಲಿ ಗಿರಿಗೆ ಹತ್ತುವ ದಾರಿಯ ಕೈಮರದ ಚೆಕ್‌ಪೋಸ್ಟಿನ ಮುಂದೆ ಕಾರುಗಳ ಸಾಲು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯಲ್ಲಿ ಎದುರುಬದುರಾದ ಗಾಡಿಗಳು ಹಿಂದೆ ಹೋಗಲಾರದೆ, ಮುಂದೆ ಹೋಗಲಾರದೆ ನಿಲ್ಲುತ್ತವೆ. ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕ್ಕಿಂಗ್ ತಂದು, ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ಎಂದು ವಾಹನಗಳಿಗೆ ಮಿತಿ ಹಾಕಿತು. ಮಿತಿ ಬಂದದ್ದು ಸರಿ. ನಡೆಯುವವರಿಗೂ ಸೈಕಲ್ಲಿನವರಿಗೂ ಪ್ರತ್ಯೇಕ ಹೊತ್ತು ಮಾತ್ರ ಬರಲಿಲ್ಲ.

ಗಾಡಿಯಿಲ್ಲದ ದಾರಿ ಬೇಕೆಂಬ ಮಾತಿಗೆ ಗಟ್ಟಿಯಾದ ಎದುರುವಾದ ಗುಡ್ಡದ ಮೇಲಿನವರದೇ. ಕಳಸ, ಮೂಡಿಗೆರೆಯ ಒಳಗಿನ ಕೆಲವು ಹಾಡಿಗಳಿಂದ ರೋಗಿಗಳನ್ನು ಜೋಲಿಯಲ್ಲಿ ಹೊತ್ತು ರಸ್ತೆಗೆ ತಂದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಲೈನ್ ಮನೆಯಿಂದ ಕಾಫಿ ತೋಟಕ್ಕೆ ದಿನವೂ ನಡೆಯುವ ಹೆಂಗಸು ಹರಕೆಗಾಗಿ ನಡೆಯುವುದಿಲ್ಲ, ಗಾಡಿಯಿಲ್ಲದ್ದಕ್ಕೆ ನಡೆಯುತ್ತಾಳೆ. ಅವಳಿಗೆ ನಡಿಗೆಯ ತತ್ತ್ವ ಬೋಧಿಸುವುದು ಅನ್ಯಾಯ. ಅನಿವಾರ್ಯದ ನಡಿಗೆಗೂ ಆಯ್ದುಕೊಂಡ ನಡಿಗೆಗೂ ಅಂತರವಿದೆ. ಪುಣ್ಯದ ಮಾತು ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ, ಮೊದಲನೆಯದಕ್ಕೆ ಬೇಕಾದದ್ದು ರಸ್ತೆ ಮತ್ತು ಬಸ್ಸು. ಹಳ್ಳಿಯ ರಸ್ತೆಯನ್ನು ಮುಟ್ಟದ ಫ್ರೆಂಚರ ಎಚ್ಚರ ನಮಗೆ ಬೇಕಾದದ್ದು ಇಲ್ಲೇ.

ಹಾಗಾದರೆ ನಮ್ಮಲ್ಲಿ ಜನ ಕೈಬಿಟ್ಟ ದಾರಿಗಳಿಲ್ಲವೆ? ಇವೆ. ಚಿಕ್ಕಮಗಳೂರಿನಿಂದ ಮಲ್ಲಂದೂರಿನ ಮೇಲೆ ಮುತ್ತೋಡಿಯ ಕಡೆಗೆ ಹೋದರೆ ಭದ್ರಾ ಹುಲಿ ಮೀಸಲು ಅರಣ್ಯ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನೊಳಗಿನ ಹಳ್ಳಿಗಳು 2001–02ರ ಹೊತ್ತಿಗೆ ಹೊರಗೆ ಹೋದವು. ಎಂ.ಸಿ. ಹಳ್ಳಿಯಲ್ಲೂ ಕೆಳಗೂರಿನಲ್ಲೂ ಕುಟುಂಬಗಳಿಗೆ ನೆಲೆ ಸಿಕ್ಕಿತು. ಗಾಡಿ ಜಾಡುಗಳು, ಗದ್ದೆಯ ಬದುಗಳು ಹಿಂದೆ ಉಳಿದವು. ಅವುಗಳ ಮೇಲೆ ಈಗ ಓಡಾಡುವುದು ಕಾಟಿ, ಕಡವೆ, ಆನೆ, ಹುಲಿ. ಆ ದಾರಿಗಳನ್ನು ಸೈಕಲ್ಲಿಗೆ ಕೇಳುವುದು ತಪ್ಪು. ತಮ್ಮ ಮನೆ ಬಿಟ್ಟವರು ಅವನ್ನು ಬಿಟ್ಟುಕೊಟ್ಟದ್ದು ಪ್ರಾಣಿಗಳಿಗೆ, ಪ್ರವಾಸಿಗರಿಗಲ್ಲ. ಮಲ್ಲಂದೂರು, ಆಲ್ದೂರು ಸುತ್ತಿನ ತೋಟದ ದಾರಿಗಳಲ್ಲೂ ಆನೆ ಬಂದಿದೆ ಎಂದರೆ ಕೆಲಸದವರು ಹೊರಡುವುದಿಲ್ಲ. ಅಲ್ಲಿ ಅಭಯವನ್ನು ಮನುಷ್ಯ ಒಬ್ಬನೇ ಘೋಷಿಸಿಕೊಂಡರೆ ಸಾಲದು.

ಗಾಡಿಯಿಲ್ಲದೆ ನಡೆದು, ಆಮೇಲೆ ನೆಲವನ್ನು ಅದರ ಪಾಡಿಗೆ ಬಿಡುವುದಕ್ಕೆ ದೇವೀರಮ್ಮನ ಬೆಟ್ಟ ಸ್ಥಳೀಯ ಮಾದರಿ. ಮಲ್ಲೇನಹಳ್ಳಿ ಬಳಿಯ ಬಿಂಡಿಗದ ಈ ಬೆಟ್ಟವನ್ನು ನರಕ ಚತುರ್ದಶಿಯ ದಿನ ಸಾವಿರಾರು ಜನ ಹತ್ತುತ್ತಾರೆ, ಎಷ್ಟೋ ಮಂದಿ ಬರಿಗಾಲಿನಲ್ಲಿ. ಡಾಕ್ಟರೂ ಕೂಲಿಯವನೂ ಒಂದೇ ಜಾರುವ ಮಣ್ಣಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ತುದಿಗೆ ಗಾಡಿ ಹೋಗುವ ರಸ್ತೆಯಿಲ್ಲ. ಹಬ್ಬ ಮುಗಿದ ಮೇಲೆ ಬೆಟ್ಟ ಮತ್ತೆ ಬೆಟ್ಟದ ಪಾಡಿಗೆ.

ಈ ಜಿಲ್ಲೆ ಇನ್ನೂ ಎರಡು ಕೆಲಸ ಮಾಡಬಹುದು. ಒಂದು, ವಾರಕ್ಕೊಂದು ಬೆಳಿಗ್ಗೆ, ಬೆಳಕು ಹರಿದಾಗಿನಿಂದ ಹತ್ತು ಗಂಟೆಯವರೆಗೆ, ಕೈಮರದ ಮೇಲಿನ ದಾರಿಯನ್ನು ಹೊರಗಿನ ಕಾರು, ಬೈಕುಗಳಿಗೆ ಮುಚ್ಚಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡುವುದು. ಗಿರಿಯ ನಿವಾಸಿಗಳಿಗೆ, ಆಂಬುಲೆನ್ಸಿಗೆ ತಡೆ ಬೇಡ, ನಡೆಯಲಾಗದವರಿಗೆ ಮಿನಿಬಸ್ ಇರಲಿ. ಎರಡು, ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಕೊಟ್ಟಿಗೆಹಾರದಿಂದ ಕೆಳಗೆ ಭಾರೀ ವಾಹನಗಳನ್ನು ಕೆಲವು ಗಂಟೆ ತಡೆದು, ಚಾರ್ಮಾಡಿಯ ಒಂದು ಬದಿಯನ್ನು ಯಾತ್ರಿಕರಿಗೆ ಬಿಡುವುದು. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಇದೇ ಘಾಟಿಯಲ್ಲಿ ಸಂಚಾರ ತಡೆದ ಅನುಭವ ಆಡಳಿತಕ್ಕೆ ಇದೆ. ಕೈಮರದಲ್ಲಿ ಗೇಟೂ ಇದೆ, ಕಾವಲಿನವರೂ ಇದ್ದಾರೆ.